ಗಂಗಾಲಕ್ಷ್ಮಿಯ ಕೈಮಾತು ಮತ್ತು ಹುಳುಮನೆಯ ಡಬ್ಬಿ

ನಮ್ಮೂರಲ್ಲಿ ರೇಷ್ಮೆಹುಳು ಸಾಕುವ ಮನೆಗಳು ಬೇಕಾದಷ್ಟಿವೆ. ಹುಳುವಿಗೆ ಹಸಿವಾಯಿತೋ ಇಲ್ಲವೋ ನೋಡಲು ಎಲ್ಲರೂ ಹುಳುಮನೆಯ ಬಾಗಿಲಲ್ಲಿ ನಿಂತು ಕಿವಿಗೊಡುತ್ತಾರೆ. ಸೊಪ್ಪಿನ ಮೇಲೆ ಸೋನೆ ಮಳೆ ಬಿದ್ದಂಥ ಸದ್ದು ಸಣ್ಣಗಾಯಿತೆಂದರೆ ಮತ್ತೆ ಸೊಪ್ಪು ಹಾಕುವ ಹೊತ್ತಾಯಿತೆಂದು ಲೆಕ್ಕ. ಗಂಗಾಲಕ್ಷ್ಮಿ ಮಾತ್ರ ಸೊಪ್ಪಿನ ರೆಂಬೆಯ ಮೇಲೆ ಅಂಗೈ ಇಡುತ್ತಾಳೆ. ಹುಳು ಮೇಯುವ ನಡುಕ ಅವಳ ಅಂಗೈಗೆ ತಿಳಿಯುತ್ತದೆ. ತೊಟ್ಟಿಲ ವಯಸ್ಸು ದಾಟುವ ಮೊದಲೇ ಬಂದ ಜ್ವರ ಅವಳ ಎರಡೂ ಕಿವಿಗಳನ್ನು ಹೊತ್ತುಕೊಂಡು ಹೋಯಿತು. ಕಿವಿ ಹೋದ ದಾರಿಯಲ್ಲೇ ಮಾತೂ ಹೋಯಿತು. ರಾಯಲ್ಪಾಡಿನ ಸುತ್ತಮುತ್ತ ಅವಳಷ್ಟು ಹದವಾಗಿ ಹುಳು ಮೇಯಿಸಿದವರನ್ನು ನಾನು ಕಂಡಿಲ್ಲ. ಇದನ್ನು ಪಕ್ಕದ ಮನೆಯವನ ಮುಲಾಜಿಗೆ ಹೇಳುತ್ತಿಲ್ಲ. ಅವಳ ಗೂಡನ್ನು ಕೈಯಲ್ಲಿ ಹಿಡಿದು ನೋಡಿದವರು ಯಾರಾದರೂ ಒಪ್ಪುವ ಮಾತು.

ಅವಳಿಗೆ ಮಾತು ಕೊಟ್ಟವಳು ಅಕ್ಕ ಸುನಂದ. ಇಬ್ಬರೂ ಮಾವಿನ ತೋಪು ಕಾಯುತ್ತಾ, ಸೊಪ್ಪು ಕೊಯ್ಯುತ್ತಾ ತಮ್ಮದೇ ಒಂದು ಭಾಷೆ ಕಟ್ಟಿಕೊಂಡರು. ಇಲ್ಲದ ಮೀಸೆಯನ್ನು ತಿರುವಿದರೆ ಅಪ್ಪ. ಒಂದು ಕಣ್ಣು ಮುಚ್ಚಿ ನಾಲಿಗೆ ಕಚ್ಚಿದರೆ ಹುಣಸೆ. ಕೆನ್ನೆಗೆ ಅಂಗೈ ಆನಿಸಿ, ಆಮೇಲೆ ಕಣ್ಣರಳಿಸಿದರೆ ನಾಳೆ. ಮೂಗಿನ ತುದಿಯಿಂದ ಬೆರಳನ್ನು ಮೇಲಕ್ಕೆ ಸರಿಸಿದರೆ ನಾನು, ಜಾರುವ ಕನ್ನಡಕದವನು. ನೋಡಿ ನೋಡಿ ನಾನು ಹಿಡಿದದ್ದು ಇಷ್ಟೇ, ಇಂಥ ನೂರಾರು ಮಾತು ಅವರಲ್ಲಿದ್ದವು. ಚಾಡಿ, ಬೈಗುಳ, ಕಥೆ, ಕನಸು ಎಲ್ಲವೂ ಆ ನಾಲ್ಕು ಕೈಗಳಲ್ಲಿ ಓಡಾಡುತ್ತಿದ್ದವು. ಮಿಕ್ಕವರಿಗೆ ಗೊತ್ತಿದ್ದದ್ದು ಊಟ, ನೀರು, ಬಾ, ಹೋಗು, ನಾಳೆ ಅಷ್ಟೇ. ತಮ್ಮ ಮುನಿಕೃಷ್ಣನಿಗೂ ಅದರಾಚೆಗೆ ತಿಳಿಯದು. ಸುನಂದಳನ್ನು ಮಾಲೂರಿಗೆ ಮದುವೆ ಮಾಡಿ ಕಳಿಸಿದ ಮೇಲೆ ಗಂಗಾಲಕ್ಷ್ಮಿಯ ಕೈಗಳು ಬರೀ ಕೆಲಸದ ಕೈಗಳಾದವು. ಅಕ್ಕ ಹಬ್ಬಕ್ಕೆ ಬಂದಾಗ ಮಾತ್ರ ಜಗಲಿಯ ಮೇಲೆ ಇಬ್ಬರೂ ಕೂತು ಗದ್ದಲವಿಲ್ಲದ ಗದ್ದಲ ಎಬ್ಬಿಸುತ್ತಿದ್ದರು.

ಈಗ ಆ ಸುನಂದ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಲಗಿದ್ದಳು. ರಕ್ತದ ಕಾಯಿಲೆ. ಗಾಳಿ ಸೋಕಿದರೂ ನಂಜಾದೀತೆಂದು ಬೇರೆ ಕೋಣೆಯಲ್ಲಿ ಇಟ್ಟಿದ್ದರು. ಜೊತೆಗೆ ಒಬ್ಬರೇ ಇರಬೇಕು, ಒಮ್ಮೆ ಒಳಗೆ ಹೋದವರನ್ನು ಬದಲಾಯಿಸುವಂತಿಲ್ಲ, ಫೋನನ್ನು ಬಾಗಿಲಲ್ಲೇ ಕೊಟ್ಟು ಹೋಗಬೇಕು. ಜೊತೆಗಿದ್ದವಳು ಅವಳ ಮಗಳು ದಿವ್ಯ. ಊರಿನವರು ನೋಡಬೇಕೆಂದರೆ ದಿನಕ್ಕೊಮ್ಮೆ, ಮಧ್ಯಾಹ್ನ, ಆಸ್ಪತ್ರೆಯವರೇ ಇಟ್ಟ ಕ್ಯಾಮೆರಾದ ಮೂಲಕ ಕಂಪ್ಯೂಟರಿನಲ್ಲಿ ಸ್ವಲ್ಪ ಹೊತ್ತು ನೋಡಬಹುದಿತ್ತು. ಉಸಿರಾಟಕ್ಕೆಂದು ಸುನಂದಳ ಗಂಟಲಿಗೆ ಕೊಳವೆ ಹಾಕಿದ್ದರಿಂದ ಅವಳ ದನಿ ನಿಂತುಹೋಗಿತ್ತು. ಓದು ಬರಹ ಮೊದಲೇ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ಅವಳು ಕೈಯಲ್ಲಿ ಹೇಳತೊಡಗಿದಳು, ಮಾವಿನ ತೋಪಿನ ಆ ಹಳೆಯ ಭಾಷೆಯಲ್ಲಿ.

ನಮ್ಮೂರಲ್ಲಿ ಮೊಬೈಲಿಗೆ ಚಿತ್ರ ಬರುವಷ್ಟು ಸಿಗ್ನಲ್ ಇಲ್ಲ, ಆದರೆ ಮುನಿಕೃಷ್ಣನ ಮನೆಯಲ್ಲಿ ಕಂಪ್ಯೂಟರ್ ಇತ್ತು. ಶ್ರೀನಿವಾಸಪುರದಲ್ಲಿ ಬಾಗಿಲು ಹಾಕಿದ ಒಂದು ಟ್ಯೂಷನ್ ಸೆಂಟರಿನಿಂದ ತಂದ ಹಳೇ ಪೆಟ್ಟಿಗೆ. ಕುಂಟೆಮ್ಮೆಯ ಹಾಗೆ ಓಡುತ್ತಿದ್ದ ಅದಕ್ಕೆ ಅವನೇ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿ ಎಬ್ಬಿಸಿ ನಿಲ್ಲಿಸಿದ್ದ. ಮದುವೆ, ನಾಮಕರಣದ ಫ್ಲೆಕ್ಸುಗಳನ್ನು ಕನ್ನಡದಲ್ಲೂ ತೆಲುಗಿನಲ್ಲೂ ಕೂರಿಸಿ ಪ್ರಿಂಟಿಗೆ ಕಳಿಸುವುದು ಅವನ ಕಸುಬು. ಯಾರ ಹತ್ತಿರವೂ ಕಲಿತದ್ದಲ್ಲ. ಬಿದ್ದು ಎದ್ದು ಕಲಿತದ್ದು. ಅಂಥವರ ಮೇಲೆ ನನಗೆ ಒಂದು ಹಿಡಿ ಪ್ರೀತಿ ಹೆಚ್ಚು. ಆದರೆ ತಾನೇ ಕಲಿತವನಿಗೆ ತನ್ನ ಕೈಯ ಮೇಲೆ ನಂಬಿಕೆಯೂ ಒಂದು ಹಿಡಿ ಹೆಚ್ಚು.

ಮೊದಲ ದಿನ ಅವನು ನನ್ನನ್ನೂ ಕರೆದ. ಗಂಗಾಲಕ್ಷ್ಮಿ ಕೈಕಾಲು ತೊಳೆದು, ತಲೆ ಬಾಚಿ, ಪರದೆಯ ಮುಂದೆ ಕೂತಳು. ಅಕ್ಕನ ಮುಖ ಬಂತು. ಗುರುತು ಹಿಡಿದು ಸುನಂದ ನಕ್ಕಳು. ಕೈ ಎತ್ತಿದಳು. ಅಲ್ಲಿಗೆ ಚಿತ್ರ ಕಲ್ಲಾಯಿತು. ಮತ್ತೆ ಅಲುಗಾಡಿದಾಗ ಕೈ ಹಾಸಿಗೆಯ ಮೇಲಿತ್ತು. ನಡುವಿನ ಮಾತೆಲ್ಲ ಎಲ್ಲೋ ಸೋರಿಹೋಗಿತ್ತು. ಇನ್ನೊಮ್ಮೆ ಕೈ ಎದ್ದಿತು, ಬೆರಳುಗಳು ಚೌಕ ಚೌಕವಾಗಿ ಒಡೆದುಹೋದವು.

ದಿವ್ಯಳ ದನಿ ತುಂಡುತುಂಡಾಗಿಯಾದರೂ ಬಂತು. "ಮಾವ, ಚಿಕ್ಕಮ್ಮಂಗೆ ಕಾಣ್ತಿದೆಯಾ? ಅಮ್ಮ ನೆನ್ನೆಯಿಂದ ಒಂದನ್ನೇ ಕೇಳ್ತಾವ್ಳೆ. ನಂಗೊಂದೂ ಗೊತ್ತಾಗ್ತಿಲ್ಲ. ನೀರಾ ಅಂದ್ರೆ ಅಲ್ಲ, ನೋವಾ ಅಂದ್ರೆ ಅಲ್ಲ, ಮನೆಗೆ ಹೋಗೋಣವಾ ಅಂದ್ರೂ ತಲೆ ಆಡಿಸ್ತಾಳೆ. ಚಿಕ್ಕಮ್ಮಂಗೆ ಗೊತ್ತಾಗತ್ತೆ ಮಾವ, ಸರಿಯಾಗಿ ನೋಡೋಕೆ ಹೇಳು."

ಗಂಗಾಲಕ್ಷ್ಮಿ ಪರದೆಗೆ ಮೂಗು ತಾಕುವಷ್ಟು ಬಾಗಿದಳು. ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೈಯಲ್ಲಿ ಬೇಡಿದಳು. ಅವಳು ಬೇಡಿದ್ದು ಆ ಕಡೆಗೆ ಹೇಗೆ ಕಂಡಿತೋ. ಸುನಂದ ಮತ್ತೆ ಹೇಳಿದಳು. ಮತ್ತೆ ಒಡೆಯಿತು. ಹೊತ್ತು ಮುಗಿಯಿತು.

"ನಾಳೆಗೆ ಸರಿ ಮಾಡಿಬಿಡ್ತೀನಿ ದೊಡ್ಡಪ್ಪ," ಅಂದ ಮುನಿಕೃಷ್ಣ. "ಹಿಂದೆ ಯಾವ್ದೋ ಅಪ್‌ಡೇಟ್ ಎಳೀತಾ ಇರ್ಬೇಕು."

ಸುಮ್ಮನೆ ಕೂರುವವನಲ್ಲ ಅವನು. ಪರದೆಯ ಮೇಲೆ ಕಪ್ಪು ಕಿಟಕಿ ತೆರೆದು ಬೆಳಿಗ್ಗೆಯೆಲ್ಲ ಆಜ್ಞೆಗಳನ್ನು ಬರೆದ. ಹಿಂದಿನಿಂದ ನಡೆಯುತ್ತಿದ್ದ ಅಪ್‌ಡೇಟುಗಳನ್ನು ನಿಲ್ಲಿಸಿದ. ಬ್ರೌಸರ್ ಬದಲಿಸಿದ. ಹೆಸರು ಹೇಳಿದರೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಸೋಮಾರಿಯಾಗಿದೆಯೆಂದು ಅದನ್ನೂ ಬೇರೆ ಮಾಡಿದ. ಕರೆಂಟು ಉಳಿಸಲು ವೈಫೈ ನಡುನಡುವೆ ತೂಕಡಿಸುತ್ತದಂತೆ, ಅದರ ತೂಕಡಿಕೆಯನ್ನೂ ಬಿಡಿಸಿದ. ಆಮೇಲೆ ಪಿಂಗ್ ಎಂಬುದನ್ನು ಹಚ್ಚಿದ. ದೂರದ ಒಂದು ಕಂಪ್ಯೂಟರನ್ನು ಕೂಗಿ ಕರೆದು, ಅದು ಓ ಎನ್ನಲು ಎಷ್ಟು ಹೊತ್ತು ಹಿಡಿಯಿತೆಂದು ಅಳೆಯುವ ಉಪಾಯ ಅದು. ಕೂಗು ಹೋಗುತ್ತಿತ್ತು, ಒಮ್ಮೆ ಬೇಗ, ಒಮ್ಮೆ ತಡವಾಗಿ ಓ ಬರುತ್ತಿತ್ತು, ಎಷ್ಟೋ ಸಲ ಬರುತ್ತಲೇ ಇರಲಿಲ್ಲ.

"ನೋಡಿದ್ಯಾ ದೊಡ್ಡಪ್ಪ? ಇಂಟರ್ನೆಟ್ ಕಂಪನಿಯೋರ ಲೈನೇ ಕೆಟ್ಟೋಗಿದೆ. ನನ್ನ ಮಿಷಿನ್ನು ಬಂಗಾರ."

"ಲೇ ಮುನಿ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನೀನ್ ಸುಮ್ನಿರು. ಇದು ರಾಗಿ ಒಕ್ಕಣೆ ಅಲ್ಲ."

ಎರಡನೇ ದಿನವೂ ಚಿತ್ರ ಒಡೆಯಿತು. ಮೂರನೇ ದಿನ ಇನ್ನೂ ಕೆಟ್ಟಿತು. ಮೊದಮೊದಲು ಗಂಗಾಲಕ್ಷ್ಮಿಗೆ ಒಂದೆರಡು ಪದವಾದರೂ ಸಿಗುತ್ತಿದ್ದವು. ಈಗ ಅಕ್ಕನ ಮುಖವೇ ಕಲಸಿದ ಹಿಟ್ಟಿನಂತಾಗಿತ್ತು. ಕರೆ ಮುಗಿದ ಮೇಲೆ ಅವಳು ತಮ್ಮನ ಮುಂದೆ ನಿಂತು ಸ್ಟೇರಿಂಗ್ ತಿರುಗಿಸಿ ತೋರಿಸಿದಳು, ಪರದೆ ತೋರಿಸಿದಳು. ಶ್ರೀನಿವಾಸಪುರಕ್ಕೆ ಹೋಗೋಣ, ಅಲ್ಲಿ ಬೇರೆ ಕಂಪ್ಯೂಟರಿನಲ್ಲಿ ನೋಡೋಣ. ನನಗೂ ಅರ್ಥವಾದ ಮಾತು ಅದು.

ಮುನಿಕೃಷ್ಣ ಹುಳುಮನೆಯ ಕಡೆ ಕೈ ತೋರಿಸಿದ. ಅವಳ ಮುಖ ಬಾಡಿತು.

ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳು ಅದು. ಗೂಡು ಕಟ್ಟುವ ಮೊದಲಿನ ಹೊಟ್ಟೆಬಾಕತನ. ಹಾಕಿದ ರೆಂಬೆ ಬೋಳಾಗುವುದರೊಳಗೆ ಮತ್ತೊಂದು ಹೊರೆ ಹಾಕಬೇಕು. ಸೊಪ್ಪು ಬಾಡದಂತೆ ಸುತ್ತ ಒದ್ದೆ ಗೋಣಿತಾಟು ಇಳಿಬಿಡಬೇಕು. ಆ ದಿನಗಳಲ್ಲಿ ಹುಳುಮನೆಗೆ ಒಂದೇ ಕೈ. ಮೇಯಿಸುವವರು ಬಸ್ಸು ಹತ್ತಿ ಪೇಟೆಗೆ ಹೋಗಿ ಬರುವಂತಿಲ್ಲ. ಹೊರಗಿನವರು ಹೊಸ್ತಿಲು ದಾಟುವಂತಿಲ್ಲ. ಅವ್ವನಿಂದ ಗಂಗಾಲಕ್ಷ್ಮಿಗೆ ಬಂದ ಕಟ್ಟಳೆ ಇದು. ಮುರಿದರೆ ಹುಳು ಮೈಯೆಲ್ಲ ಹಾಲಿನಂತೆ ಒಡೆದು ಸಾಯುತ್ತದೆಂದು ಅವಳ ನಂಬಿಕೆ. ಸಾಯುವುದನ್ನು ಕಣ್ಣಾರೆ ಕಂಡವಳೂ ಹೌದು.

"ನಾಳೆ ಕಂಪನಿಯಿಂದ ಆಳು ಬರ್ತಾನೆ," ಎಂದು ಮುನಿಕೃಷ್ಣ ಕೆನ್ನೆಗೆ ಅಂಗೈ ಆನಿಸಿ ಕಣ್ಣರಳಿಸಿದ.

ಬಂದವನ ಹೆಸರು ವೆಂಕಟ್. ಬೈಕಿನಿಂದ ಇಳಿಯುವಾಗಲೇ ಸೆಂಟಿನ ವಾಸನೆ ಅಂಗಳಕ್ಕೆ ಬಂತು, ಅದರ ಹಿಂದೆ ಬೀಡಿಯದೂ.

"ಸಾರ್, ರೂಟರ್ ಎಲ್ಲೈತೆ?"

"ಹುಳುಮನೇಲಿ," ಅಂದ ಮುನಿಕೃಷ್ಣ. ಕಂಬದಿಂದ ತಂತಿ ಆ ಕಡೆ ಇಳಿದಿತ್ತು, ಕರೆಂಟಿನ ಪಾಯಿಂಟೂ ಅಲ್ಲೇ ಇತ್ತು, ಹಾಗಾಗಿ ವೈಫೈ ಬಿಡುವ ಆ ಡಬ್ಬಿಯನ್ನು ಹುಳುಮನೆಯ ಆಚೆ ಗೋಡೆಗೆ ಹೊಡೆಸಿದ್ದ. ಆಗ ಬೆಳೆ ಇಳಿದು ಮನೆ ಖಾಲಿಯಿತ್ತು, ಇಂಟರ್ನೆಟ್ಟು ಕುದುರೆಯ ಹಾಗೆ ಓಡಿತ್ತು.

ವೆಂಕಟ್ ಹುಳುಮನೆಯ ಕಡೆ ಹೆಜ್ಜೆ ಹಾಕಿದ. ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದ ಗಂಗಾಲಕ್ಷ್ಮಿ ಅದನ್ನು ಧೊಪ್ಪನೆ ಇಳಿಸಿ, ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು. ಮೂಗು ಮುಚ್ಚಿ ತೋರಿಸಿದಳು.

"ಏಮಕ್ಕ, ಹುಳಕ್ಕೆ ನನ್ನ ಸೆಂಟು ಸೇರಲ್ವಾ? ನಮ್ಮ ಮನೇಲೂ ಹೆಂಗಸ್ರು ಹಿಂಗೇ," ಎಂದು ವೆಂಕಟ್ ನಕ್ಕ. ಆಮೇಲೆ ಮುನಿಕೃಷ್ಣನ ಕಡೆ ತಿರುಗಿದ. "ಡಬ್ಬಿ ಹತ್ರ ಹೋಗದೆ ನಾನೇನ್ ನೋಡ್ಲಿ ಸಾರ್?"

"ಹೊಗೆಸೊಪ್ಪಿನ ವಾಸನೆ ಕಣಯ್ಯ, ಹುಳ ಸಾಯ್ತವೆ. ನಿಮ್ಮ ಲೈನು ನೋಡು ಹೋಗು, ಕಂಬ ಹತ್ತು. ನಮ್ಮನೇಲಿ ಎಲ್ಲಾ ಸರಿಯಾಗೈತೆ."

ವೆಂಕಟ್ ಕಂಬ ನೋಡಿ, ಲೈನು ಚೆನ್ನಾಗಿದೆಯೆಂದು ಹೇಳಿ, ಬೈಕು ಹತ್ತಿದ. ಅವನು ಬಂದದ್ದು ಯಾತಕ್ಕೆಂದು ಗಂಗಾಲಕ್ಷ್ಮಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಗಿಲು ಬಿಡಲಿಲ್ಲ. ಬೈಕಿನ ಧೂಳು ಅಡಗುವವರೆಗೆ ಅಡ್ಡ ಹಿಡಿದ ಕೈಯನ್ನು ಇಳಿಸಲೂ ಇಲ್ಲ. ಆಮೇಲೆ ಹೊರೆ ಎತ್ತಿಕೊಂಡು ಒಳಗೆ ಹೋದಳು.

ಆವತ್ತಿನ ಕರೆಯಲ್ಲಿ ಸುನಂದಳ ಕೈ ಒಂದೇ ಸಲ ಎದ್ದಿತು. ಮರುದಿನ ದಿವ್ಯಳೇ ಕೈಯನ್ನು ಹಿಡಿದೆತ್ತಬೇಕಾಯಿತು. ಪರದೆಯಲ್ಲಿ ಎರಡು ಬಿಳಿ ಚೌಕಗಳು ಅಲುಗಾಡಿದ್ದು ಬಿಟ್ಟರೆ ನಮಗೇನೂ ಕಾಣಲಿಲ್ಲ. ಗಂಗಾಲಕ್ಷ್ಮಿ ಪರದೆಯನ್ನು ಸೆರಗಿನಿಂದ ಒರೆಸಿದಳು, ಕೊಳೆ ಅಲ್ಲೇ ಇದೆಯೆನ್ನುವ ಹಾಗೆ. ಮುನಿಕೃಷ್ಣ ಲಿನಕ್ಸನ್ನೇ ಕಿತ್ತು ಹೊಸದಾಗಿ ಹಾಕಿದ. ಒಲೆ ಉರಿಯದಿದ್ದರೆ ಮನೆಯನ್ನೇ ಕೆಡವಿ ಕಟ್ಟಿದಂತೆ. ಏನೂ ಬದಲಾಗಲಿಲ್ಲ.

ಹುಳು ಹಣ್ಣಾಯಿತು. ಮೈ ಬಂಗಾರದ ಬಣ್ಣಕ್ಕೆ ತಿರುಗಿ, ಮೇಯುವುದನ್ನು ಬಿಟ್ಟು ತಲೆ ಎತ್ತಿ ಆಡಿಸತೊಡಗಿತು. ಹಣ್ಣಾದ ಮೇಲೆ ಕಟ್ಟಳೆ ಸಡಿಲ, ಕೇರಿಯ ಹೆಂಗಸರಿಗೂ ಬಾಗಿಲು ತೆರೆಯುತ್ತದೆ. ಎಲ್ಲರೂ ಸೇರಿ ಹುಳು ಆಯ್ದು, ಗೂಡು ಕಟ್ಟಲೆಂದು ಚಂದ್ರಿಕೆಯ ಬಿದಿರ ತಟ್ಟಿಗೆ ಬಿಟ್ಟರು. ಗೂಡು ಕಟ್ಟುವಾಗ ತೇವ ಆಗದು. ಆದ್ದರಿಂದ ಚಂದ್ರಿಕೆಗಳನ್ನು ಗಾಳಿಯಾಡುವ ಚಪ್ಪರಕ್ಕೆ ಸಾಗಿಸಿ, ಒದ್ದೆ ಗೋಣಿಗಳನ್ನು ಬಿಚ್ಚಿ, ಅಟ್ಟಣೆಗಳ ಮೇಲೆ ಎದೆಯೆತ್ತರಕ್ಕೆ ಬಿದ್ದಿದ್ದ ಹಸಿ ರೆಂಬೆಯನ್ನೂ ಹಿಕ್ಕೆಯನ್ನೂ ತಿಪ್ಪೆಗೆ ಹೊತ್ತರು. ಹುಳುಮನೆ ಬರಿದಾಯಿತು.

ಅಂದು ಮಧ್ಯಾಹ್ನ ಕರೆ ಬಂದಾಗ ಪರದೆ ಕನ್ನಡಿಯಾಗಿತ್ತು.

ಮುನಿಕೃಷ್ಣ ಬಾಯಿ ಬಿಟ್ಟುಕೊಂಡು ನೋಡಿದ. ಕೊಳವೆಯಲ್ಲಿ ಹನಿ ಇಳಿಯುವುದು ಕಾಣುತ್ತಿತ್ತು. ಸುನಂದಳ ರೆಪ್ಪೆಯ ಕೂದಲು ಎಣಿಸಬಹುದಿತ್ತು. ಹೊದಿಕೆಯ ಮೇಲೆ ಅವಳ ಎರಡೂ ಕೈಗಳು ಬೆರಳು ಬೆರಳೂ ತಿಳಿಯಾಗಿ ಮಲಗಿದ್ದವು. ಅಲುಗಲಿಲ್ಲ.

"ಬೆಳಿಗ್ಗೆಯಿಂದ ಕಣ್ಣು ಬಿಟ್ಟಿಲ್ಲ ಮಾವ," ಅಂದಳು ದಿವ್ಯ. ದನಿ ಒಂದು ಎಳೆಯೂ ಹರಿಯದೆ ಬಂತು. "ಡಾಕ್ಟ್ರು ಇನ್ನು ಎಚ್ಚರ ಆಗೋದು ಕಷ್ಟ ಅಂದ್ರು."

ಮುನಿಕೃಷ್ಣ ಕಪ್ಪು ಕಿಟಕಿ ತೆರೆದು, ಈ ಸಲ ದೂರದ ಕಂಪ್ಯೂಟರನ್ನು ಕೂಗದೆ, ಹುಳುಮನೆಯ ಗೋಡೆಯ ಡಬ್ಬಿಯನ್ನೇ ಕೂಗಿದ. ಕೂಗುವುದೇ ತಡ, ಓ ಎಂದಿತು. ಇಷ್ಟು ದಿನ ಅವನು ಅದೊಂದನ್ನು ಮಾಡಿರಲಿಲ್ಲ. ಮಾಡಿದ್ದರೆ ಮೊದಲ ದಿನವೇ ತಿಳಿಯುತ್ತಿತ್ತು, ಕೂಗು ಮನೆಯೊಳಗೇ ಕಳೆದುಹೋಗುತ್ತಿದೆಯೆಂದು. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದ್ದ.

"ಸೊಪ್ಪು ದೊಡ್ಡಪ್ಪ," ಅಂದ. "ಹಸಿ ಸೊಪ್ಪು, ಒದ್ದೆ ಗೋಣಿ. ಬರೀ ನೀರು. ವೈಫೈ ಅದರಲ್ಲೇ ಇಂಗಿಹೋಗ್ತಿತ್ತು. ದಿನಾ ನಾವೇ ಗೋಡೆ ಎತ್ತರಿಸ್ತಾ ಇದ್ವಿ. ಡಬ್ಬೀನ ಈ ಕಡೆ ತಂದಿಟ್ಟಿದ್ರೆ ಸಾಕಿತ್ತು."

ಕಟ್ಟಳೆ ಒಳಗೆ ಬಿಡುತ್ತಿದ್ದದ್ದು ಒಬ್ಬಳನ್ನು, ಗಂಗಾಲಕ್ಷ್ಮಿಯನ್ನು. ಕೇಳಿದ್ದರೆ ಅವಳೇ ಆ ಡಬ್ಬಿಯನ್ನು ಕಿತ್ತು ಬಾಗಿಲಿಗೆ ತಂದುಕೊಡುತ್ತಿದ್ದಳು.

ಗಂಗಾಲಕ್ಷ್ಮಿಗೆ ನಮ್ಮ ಮಾತಿನ ಕಡೆ ಗಮನವಿರಲಿಲ್ಲ. ಅಕ್ಕನಿಗೆ ಕೈ ಮಾಡಿ ಕರೆದಳು. ಮೀಸೆ ತಿರುವಿದಳು, ಹುಣಸೆ ಕಚ್ಚಿದಳು, ಗುರುತು ಸಿಗಲೆಂದು ಹಳೆಯ ನಗೆಯ ಮಾತುಗಳನ್ನೆಲ್ಲ ಒಂದಾದಮೇಲೊಂದು ಆಡಿದಳು. ಮುಚ್ಚಿದ ಕಣ್ಣಿಗೆ ಕೈಮಾತು ಕೇಳುವುದೆಲ್ಲಿಂದ?

ಕೊನೆಗೆ ದಿವ್ಯಳ ಕಡೆ ಬೆರಳು ತೋರಿಸಿದಳು. ಅಮ್ಮ ಏನು ಮಾಡುತ್ತಿದ್ದಳು, ನೀನು ಮಾಡಿ ತೋರಿಸು.

ದಿವ್ಯಳಿಗೆ ತಿಳಿಯಿತು. ಕಣ್ಣೊರೆಸಿಕೊಂಡು, ಕೈ ಎತ್ತಿ, ಎದೆಯ ಹತ್ತಿರ ತಂದು, ಬೆರಳು ಬಿಡಿಸಿ, ಪಕ್ಕಕ್ಕೆ ಸರಿಸಿದಳು. ಗಂಗಾಲಕ್ಷ್ಮಿ ಇನ್ನೊಮ್ಮೆ ಎಂದಳು. ಈ ಸಲ ಕೈ ಎದೆಗಿಂತ ಮೇಲಿತ್ತು, ಬೆರಳು ಮಡಿಸಿತ್ತು. ಮೂರನೇ ಸಲ ಅದು ಇನ್ನೊಂದೇ ಆಯಿತು. ಗೊತ್ತಿಲ್ಲದ ಭಾಷೆಯನ್ನು ಬರೀ ಸದ್ದಿನ ನೆನಪಿನಲ್ಲಿ ಒಪ್ಪಿಸಿದಂತೆ.

"ಹಿಂಗೇ ಮಾಡ್ತಿದ್ಲು... ಇಲ್ಲ, ಹಿಂಗೆ... ನಂಗೆ ಸರಿಯಾಗಿ ನೆನಪಾಗ್ತಿಲ್ಲ ಚಿಕ್ಕಮ್ಮ." ಕೇಳದ ಕಿವಿಗೆ ಹೇಳುತ್ತಿದ್ದೇನೆಂಬುದನ್ನೂ ಮರೆತು ಆ ಹುಡುಗಿ ಬಿಕ್ಕಿಬಿಕ್ಕಿ ಅತ್ತಳು.

ಗಂಗಾಲಕ್ಷ್ಮಿ ಅವಳನ್ನೇ ನೋಡುತ್ತಾ ಕೂತಳು. ಆಮೇಲೆ ಮೆಲ್ಲಗೆ ತಲೆದೂಗಿದಳು. ತಿಳಿಯಿತು ಎನ್ನುವ ಹಾಗೆ ಎದೆ ಮುಟ್ಟಿಕೊಂಡು, ಅಳಬೇಡ ಎಂದು ಗಾಳಿಯಲ್ಲೇ ಅವಳ ಕೆನ್ನೆ ಒರೆಸಿದಳು. ದಿವ್ಯ ಅಳುತ್ತಲೇ ನಕ್ಕಳು. "ಗೊತ್ತಾಯ್ತಾ? ಮಾವ, ಚಿಕ್ಕಮ್ಮಂಗೆ ಗೊತ್ತಾಯ್ತಾ?"

"ಆಯ್ತಂತೆ ಕಣಮ್ಮ," ಅಂದ ಮುನಿಕೃಷ್ಣ.

ಹೊತ್ತು ಮುಗಿದು ಪರದೆ ಕಪ್ಪಾಯಿತು. ಮುನಿಕೃಷ್ಣ ಗಂಗಾಲಕ್ಷ್ಮಿಯ ಭುಜ ಹಿಡಿದು ತಿರುಗಿಸಿ, ಹುಬ್ಬೆತ್ತಿ, ಸುನಂದ ಏನು ಹೇಳಿದಳು ಎಂದು ಕೇಳಿದ.

ಗಂಗಾಲಕ್ಷ್ಮಿ ಎರಡೂ ಅಂಗೈಗಳನ್ನು ಅವನ ಮುಂದೆ ಬಿಡಿಸಿ ಹಿಡಿದಳು. ಬರಿದು. ಅದನ್ನು ಓದಲು ಅವರ ಭಾಷೆ ಬರಬೇಕಾಗಿರಲಿಲ್ಲ.