ಹಳದಿ ಎಚ್ಚರಿಕೆ ಯಾರಿಗೆ?

ಬೇಯಿಸಿದ ಅರಿಸಿನ ಅಂಗಳದಲ್ಲಿ ಒಣಗುವಷ್ಟು ದಿನವೂ ಶಿವನ ಮುಂದೆ ನನ್ನದು ಒಂದೇ ಬೇಡಿಕೆ: ಮಳೆ ಬೇಡಪ್ಪ, ಇನ್ನು ನಾಲ್ಕು ದಿನ ಬೇಡ. ನೆನೆದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟ ಅರಿಸಿನವನ್ನು ಚಾಮರಾಜನಗರದ ಮಂಡಿಯಲ್ಲಿ ಯಾರೂ ಕೈಯಲ್ಲಿ ಮುಟ್ಟುವುದಿಲ್ಲ. ನಮ್ಮ ಇಡೀ ವರ್ಷದ ಬೆಳೆ ಅದು.

ಸಂತೆಮರಹಳ್ಳಿಗೆ ಕೊಟ್ಟ ಮಗಳು ಶಿವರಾತ್ರಿಗೆ ಬಂದಿದ್ದಾಗ, ಮಳೆ ಸಿಡಿಲಿನ ಮುನ್ಸೂಚನೆ ಕೊಡುವ ಆ್ಯಪ್ ಒಂದನ್ನು ನನ್ನ ಫೋನಿಗೆ ಹಾಕಿಕೊಟ್ಟಳು. ಅತ್ತೆಗೆ ನಗು.

"ಮೋಡ ಇರದು ಗೋಪಾಲಸ್ವಾಮಿ ಬೆಟ್ಟದ್ ಮ್ಯಾಲೆ. ನೀನು ಅಂಗೈ ನೋಡ್ಕಂಡು ಕುಂತಿದ್ದಿಯಲ್ಲಮ್ಮಿ!"

ಒಂದು ಸೋಮವಾರ ಮಧ್ಯಾಹ್ನ, ಲಿಂಗಪೂಜೆ ಮುಗಿಸಿ ವಿಭೂತಿ ಗಟ್ಟಿ ಎತ್ತಿಡುತ್ತಿದ್ದೆ. ಫೋನು ಆಂಬುಲೆನ್ಸಿನಂತೆ ಅರಚಿಕೊಂಡಿತು. ಪೂಜೆಯ ನಡುವೆ ಅರಚದೆ ಮುಗಿದ ಮೇಲೆ ಅರಚಿತಲ್ಲ, ಅದೇ ಪುಣ್ಯ. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದೆ: "ಹಳದಿ ಎಚ್ಚರಿಕೆ..."

ಅಷ್ಟೇ. ಅತ್ತೆ ಅಂಗಳದಲ್ಲಿದ್ದರು! ಮಂಡಿನೋವಿನವರು ಹೊಸ್ತಿಲು ಹೇಗೆ ದಾಟಿದರೋ ಶಿವನೇ ಬಲ್ಲ. ಗುಡುಗು, ಬಿರುಗಾಳಿ ಎಂದೆಲ್ಲ ಮುಂದಿದ್ದುದನ್ನು ನಾನೊಬ್ಬಳೇ ಓದಿಕೊಂಡು ಹಿಂದೆ ಓಡಿದೆ.

ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಆದರೂ ಅತ್ತೆ ಗೋಡೆಯಾಚೆಗೆ ಏನೋ ಕೂಗಿ ಹೇಳುತ್ತಲೇ ಅರಿಸಿನ ಗುಡ್ಡೆ ಮಾಡುತ್ತಿದ್ದರು. ಫೋನನ್ನು ಇಷ್ಟು ಬೇಗ ನಂಬಿದರಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಇಬ್ಬರೂ ಮಂಕರಿ ತುಂಬಿ ತುಂಬಿ ಜಗುಲಿಗೆ ಸುರಿದೆವು. ಮಿಕ್ಕಿದ್ದಕ್ಕೆ ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲು ಹೇರುವಾಗ ತಣ್ಣನೆ ಗಾಳಿ ಬೀಸಿತು. ತೆರಕಣಾಂಬಿ ಕಡೆಯಿಂದ ಮೋಡ ಕಪ್ಪಗೆ ಏರುತ್ತಿತ್ತು.

ಆಗಲೇ ಗೋಡೆಯಾಚೆ ಕಣ್ಣು ಹೋಯಿತು. ಪಕ್ಕದ ಮನೆಯಾಕೆ ಬಿಡಿಸಿದ ಹುಣಸೆಹಣ್ಣನ್ನು ಚಾಪೆಗಳ ಮೇಲೆ ಹರಡಿ, ಹಾಯಾಗಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಅಕ್ಕ, ಮಳೆ ಬತ್ತದೆ, ಎತ್ತಕ್ಕ!"

"ಅದು ಅರಿಸ್ನದೋರ್ಗಂತೆ ಕಣಮ್ಮಿ. ಈಗ್ತಾನೆ ದೊಡ್ಡವ್ವನೇ ಏಳುದ್ರಲ್ಲ!"

ನಾನು ಅತ್ತೆಯನ್ನು ನೋಡಿದೆ.

"ನೀನೇ ಓದುದಲ್ಲ, ಅಳದಿ ಎಚ್ಚರ್ಕೆ ಅಂತ! ಉಣ್ಸೆಹಣ್ಣು ಅಳದಿಯಾ?"

ಹಳದಿ ಎಂದರೆ ಎಚ್ಚರಿಕೆಯ ಬಣ್ಣ, ಮಳೆ ಎಲ್ಲರಿಗೂ ಒಂದೇ ಎಂದು ಬಿಡಿಸಿ ಹೇಳಲು ಹೊತ್ತೆಲ್ಲಿತ್ತು? ಮಂಕರಿ ಹಿಡಿದೇ ಗೋಡೆಯ ಸಂದಿನಿಂದ ನುಗ್ಗಿದೆ. ಒಂದೊಂದೇ ಚಾಪೆಯ ನಾಲ್ಕು ಮೂಲೆ ಹಿಡಿದು ಹುಣಸೆಹಣ್ಣನ್ನು ಒಳಕ್ಕೆಳೆಯುವಷ್ಟರಲ್ಲಿ ದಪ್ಪ ಹನಿ ಬಿತ್ತು. ಕೊನೆಯ ಚಾಪೆಯ ಒಂದು ಮೂಲೆ ಮಾತ್ರ ನೆನೆಯಿತು. ಒಂದು ಮೂಲೆಯೇ ತಾನೆ. ನಮ್ಮ ಅರಿಸಿನಕ್ಕೆ ಒಂದು ಹನಿಯೂ ತಾಗಲಿಲ್ಲ. ಶಿವ ದೊಡ್ಡವನು.

ಮಳೆ ನಿಂತ ಮೇಲೆ ಆಕೆ ನೆನೆದ ಹುಣಸೆಯನ್ನೇ ಉಂಡೆ ಕಟ್ಟಿ ತಂದು ಅತ್ತೆಯ ಕೈಗಿಟ್ಟಳು. "ತಕಳಿ ದೊಡ್ಡವ್ವ, ನಿಮ್ ಪಾಲು." ಅತ್ತೆ ಉಂಡೆಯನ್ನು ನನ್ನ ಕೈಗೆ ದಾಟಿಸಿದರು. ರಾತ್ರಿಯ ಸಾರಿಗೆ ಅದನ್ನೇ ಕಿವುಚಿದೆ. ಒಳ್ಳೆ ಹುಳಿಯಿತ್ತು.

ವಾರದೊಳಗೆ ಫೋನು ಮತ್ತೆ ಅರಚಿತು. ಈ ಸಲ ಕಿತ್ತಳೆ ಎಚ್ಚರಿಕೆ. ಗೋಡೆಯಾಚೆಯಿಂದ ಕಿಸಿಕಿಸಿ ನಗು: "ದೊಡ್ಡವ್ವ, ಕಿತ್ಲೆ ಬೆಳಿಯೋರು ಕೊಡಗ್ನಲ್ಲವ್ರೆ. ನಾವು ಮಲಿಕ್ಕಳನ ಬನ್ನಿ!"

"ಮಾತ್ ಬುಟ್ಟು ಮೊದ್ಲು ಚಾಪೆ ಎತ್ತಮ್ಮಿ!" ಎಂದರು ಅತ್ತೆ. ಟಾರ್ಪಾಲಿನ ಒಂದು ತುದಿ ಆಗಲೇ ಅವರ ಕೈಯಲ್ಲಿತ್ತು.