ಕಾರಣದ ಕಾಲಂ

ಕಳೆದ ವಾರ ಕಲಘಟಗಿಯಿಂದ ಬಂದ ಪಾರ್ಸೆಲ್ ಬಿಚ್ಚಿದಾಗ ಮೊದಲು ಬಂದದ್ದು ಲವಂಗದ ವಾಸನೆ. ಒಳಗೊಂದು ಉದ್ದನೆಯ ನೋಟ್‌ಬುಕ್ಕು, ಮೂಲೆ ಇಲಿ ಕಡಿದದ್ದು. ನೆಟ್ ಚಾಚಾ ತೀರಿಕೊಂಡು ಮೂರು ತಿಂಗಳಾಗಿತ್ತು. ಅಂಗಡಿ ಖಾಲಿ ಮಾಡುವಾಗ ಸಿಕ್ಕಿತೆಂದು ಚಾಚಿ ಕಳಿಸಿದ್ದರು. 'ಇದು ನಿನಗಷ್ಟ ತಿಳೀತೈತಿ' ಎಂದು ಚೀಟಿ ಬರೆದಿದ್ದರು. ಚಾಚಾರ ಬಾಯಲ್ಲಿ ಸದಾ ಲವಂಗ. ಪುಟ ತಿರುವಲು ಬೆರಳು ನಾಲಿಗೆಗೆ ಒತ್ತಿಕೊಳ್ಳುತ್ತಿದ್ದರು…

ಡಿಪ್ಲೊಮಾ ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು ಅವರ ಹತ್ತಿರ. ಬಸ್ ಸ್ಟ್ಯಾಂಡಿನ ಹಿಂದಿನ ಒಂದೇ ಕೋಣೆಯಿಂದ ಅವರು ನಮ್ಮೂರಿನ ಒಂದಷ್ಟು ಓಣಿಗಳಿಗೂ ಹತ್ತಿರದ ಹಳ್ಳಿ ದುಮ್ಮವಾಡದ ಮೂವತ್ತು ಮನೆಗಳಿಗೂ ಇಂಟರ್‌ನೆಟ್ ಕೊಡುತ್ತಿದ್ದರು. ಕೋಣೆಯಲ್ಲಿ ಒಂದು ಡಿಎನ್ಎಸ್ ಸರ್ವರ್ ಇತ್ತು. ನಾವು ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ನಂಬರು ಹುಡುಕಿ ಹೇಳುವುದು, ಮುಂದಿನ ಸಲಕ್ಕೆಂದು ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಅದರ ಮೆಮರಿ ದಿನದಿನಕ್ಕೂ ಏರಿ ಮೂರನೆಯ ದಿನ ಸರ್ವರ್ ನಿಂತೇ ಬಿಡುತ್ತಿತ್ತು. ಅದಕ್ಕೇ ಚಾಚಾ ಬೆಳಗಿನ ನಮಾಜು ಮುಗಿಸಿ ಬಂದು, ಊರು ಏಳುವ ಮೊದಲೇ ಅದನ್ನು ದಿನಾ ರೀಸ್ಟಾರ್ಟ್ ಮಾಡುತ್ತಿದ್ದರು. ತಾಸಿಗೊಮ್ಮೆ ಮೆಮರಿಯ ಅಂಕಿಯನ್ನು ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರು. ಕೊನೆಯ ಕಾಲಮಿನ ಹೆಸರು 'ಕಾರಣ'. ಅದು ಹೆಚ್ಚಾಗಿ ಖಾಲಿಯೇ ಇರುತ್ತಿತ್ತು.

ನನಗೋ ಆಗ ಹೊಸ ಓದಿನ ಸೊಕ್ಕು.

"ದಿನಾ ತಣ್ಣೀರ ಪಟ್ಟಿ ಹಾಕಿದ್ರ ಜ್ವರದ ಮೂಲ ತಿಳೀತೈತೇನ್ರಿ ಚಾಚಾ? ಮೂರು ದಿನ ಮುಟ್ಟಬ್ಯಾಡ್ರಿ, ನೋಡೂಣು" ಎಂದೆ.

"ಇನ್ನೊಂದ ಸಲ ನೆಟ್ ಹೋದ್ರ ವಾಯರ್ ಕಿತ್ತ ಒಗೀತೇವಿ ಅಂದಾರ ದುಮ್ಮವಾಡದವ್ರು. ನಿಲ್ಲಂಗಿಲ್ಲಲ್ಲ ಬೇಟಾ?"

"ನಿಲ್ಲಂಗಿಲ್ರಿ. ನಾ ಅದೀನಲ್ಲ."

ಧೈರ್ಯಕ್ಕೆ ಕಾರಣವಿತ್ತು. ಹುಬ್ಬಳ್ಳಿಯಿಂದ ನಮಗೆ ಇಂಟರ್‌ನೆಟ್ ತರುವ ಲೈನು ಆಗಾಗ ಕಡಿಯುತ್ತಿತ್ತು. ಹೆಸರುಗಳಾದರೂ ನಮ್ಮಲ್ಲೇ ಇರಲಿ ಎಂದು ಚಾಚಾ ಅವುಗಳಿಗೆ ಮೆಮರಿಯಲ್ಲಿ ನಾಲ್ಕು ಜಿಬಿಯಷ್ಟು ಜಾಗ ಬಿಟ್ಟಿದ್ದರು. ಸರ್ವರಿನಲ್ಲಿ ಇದ್ದದ್ದು ಆರು. ಅಂಕಿ ನಾಲ್ಕಕ್ಕೆ ಬಂದರೆ ಏರುವುದು ತಾನೇ ನಿಲ್ಲುತ್ತದೆ, ಇಲ್ಲದಿದ್ದರೆ ಆರು ಮುಟ್ಟುವ ಮೊದಲೇ ರೀಸ್ಟಾರ್ಟ್ ಮಾಡಿದರಾಯಿತು ಎಂದು ನಾನು ಲೆಕ್ಕ ಹಾಕಿದ್ದೆ.

ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಅಂಕಿ ನಾಲ್ಕು ದಾಟಿತು. ಹನ್ನೊಂದಕ್ಕೆ ಐದು.

"ಬಂದ್ ಮಾಡ್ಲೇನು ಬೇಟಾ?" ಚಾಚಾ ಎರಡು ಸಲ ಕೇಳಿದರು.

"ತಡೀರಿ" ಎಂದೆ. ಎಲ್ಲಿ ನಿಲ್ಲುತ್ತದೆಂದು ನೋಡುವ ಹುಚ್ಚು ಹತ್ತಿತ್ತು.

ಸರ್ವರೇ ನಿಂತಿತು. ಹಿಂದೆಯೇ ದುಮ್ಮವಾಡದ ಫೋನು. ಆ ಕಡೆಯ ಬೈಗುಳ ನನಗೂ ಕೇಳಿಸುತ್ತಿತ್ತು. ಚಾಚಾ ಲವಂಗ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು. "ತಪ್ಪ ನಂದ ಐತ್ರಿ. ಮುಂಜಾನಿ ಬಂದ್ ಮಾಡಿ ಚಾಲೂ ಮಾಡೂದು ನಾ ಮರತೆ" ಎಂದರು. ನಾನು ಪಕ್ಕದ ಕುರ್ಚಿಯಲ್ಲಿದ್ದೆ. ಸರ್ವರ್ ಮತ್ತೆ ಚಾಲೂ ಮಾಡತೊಡಗಿದೆ.

ಮೂರು ದಿನದ ಆ ಅಂಕಿಗಳಿಂದಲೇ ರೋಗ ಸಿಕ್ಕಿತು. ನಾವು ಹಾಕಿದ ಮಿತಿ ಹೆಸರುಗಳಿಗೆ ಮಾತ್ರ. ಅವನ್ನು ಜೋಡಿಸಿಡಲು ಸರ್ವರಿಗೆ ಇನ್ನೂ ಹೆಚ್ಚು ಕಡಿಮೆ ಅಷ್ಟೇ ಜಾಗ ಬೇಕಿತ್ತು. ಮಿತಿಯನ್ನು ಎರಡಕ್ಕೆ ಇಳಿಸಿದೆ. ಮರುವಾರ ಅಂಕಿ ಒಂದು ಕಡೆ ಹೋಗಿ ಕೂತಿತು, ಮತ್ತೆ ಏಳಲಿಲ್ಲ.

"ಅಗದಿ ಛಲೋ ಆತ ನೋಡ! ಇನ್ನ ನಮಾಜ್ ಮುಗಿಸಿ ಮನ್ಯಾಗ ಕುಂತ ಚಾ ಕುಡೀತೀನಿ" ಎಂದು ಚಾಚಾ ನಕ್ಕರು.

ಅದೇ ವಾರ ದುಮ್ಮವಾಡಕ್ಕೆ ಹೋಗಿ ಮೂವತ್ತು ಮನೆಗಳವರು ಕಿತ್ತು ಒಗೆದ ವಾಯರನ್ನು ತಾವೇ ಸುತ್ತಿಕೊಂಡು ಬಂದರು. ನನಗೆ ಒಂದು ಮಾತು ಅನ್ನಲಿಲ್ಲ. ಒಂದು ದಿನ ದುಮ್ಮವಾಡಕ್ಕೆ ಹೋಗಿ ನಿಜ ಹೇಳಬೇಕೆಂದುಕೊಂಡೆ. ನಾಳೆ, ನಾಡಿದ್ದು ಎನ್ನುತ್ತಿದ್ದಂತೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿತು…

ಈಗ ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು ಹುಡುಕಿದೆ. ಹನ್ನೊಂದು ಗಂಟೆ, ಐದು. ಮುಂದಿನ ಸಾಲು, ಬಂದ್. ಕಾರಣದ ಕಾಲಮಿನಲ್ಲಿ ಚಾಚಾರ ದುಂಡು ಅಕ್ಷರ: 'ನಾನು ಮರೆತೆ.'

ನಮ್ಮಿಬ್ಬರ ಹೊರತು ಯಾರೂ ತೆರೆಯದ ನೋಟ್‌ಬುಕ್ಕು ಇದು. ಇದರಲ್ಲೂ ನನ್ನನ್ನು ಉಳಿಸಿದ್ದಾರೆ. ನಾಚಿಕೆಯಾಯಿತು. ಪೆನ್ನು ತೆಗೆದುಕೊಂಡು ಅದರ ಪಕ್ಕದಲ್ಲಿ ನನ್ನ ಹೆಸರು ಬರೆದೆ. ಓದಬೇಕಾದವರು ಮಾತ್ರ ಇಲ್ಲ.