ಕಿಡಿ ಆರಿದ ಮೇಲೆ ಒಂದು ಗಂಟೆ

ಬೆಳಗಿನ ಐದೂಮುಕ್ಕಾಲು. ಹೊಲಿಗೆ ಕಾರ್ಖಾನೆಯ ಎರಡನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಮುರಿದ ಮೆಟ್ಟಿಲ ಕಂಬಿಗೆ ಬೆಸುಗೆ ಹಾಕಲು ಬಂದ ವೆಲ್ಡರ್, ಮುಖದ ಗುರಾಣಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಆಕಳಿಸುತ್ತ ನಿಂತಿದ್ದಾನೆ. ಒಂಬತ್ತಕ್ಕೆ ಹೊಲಿಯುವವರು ಬರುತ್ತಾರೆ, ಅಷ್ಟರೊಳಗೆ ಕೆಲಸ ಮುಗಿಯಬೇಕು. ಆದರೂ ಅವನು ಶುರು ಮಾಡುವಂತಿಲ್ಲ. ಗೋಣಿಯಕ್ಕ ಇನ್ನೂ ಮೇಜಿನ ಕೆಳಗಿದ್ದಾರೆ.

ಬೆಸುಗೆಯ ಕಿಡಿಯಿಂದ ಬೆಂಕಿ ಹತ್ತದಂತೆ ಕಾಯುವ ಐವತ್ತೊಂದು ವರ್ಷದ ಈ ಹೆಂಗಸು ಮಂಡಿಯೂರಿ ಹತ್ತಿಯ ನವಿರನ್ನು ಬೆರಳಲ್ಲಿ ಹೆಕ್ಕುತ್ತಿದ್ದಾರೆ. ಪೊರಕೆಗೆ ಸಿಗದ ಧೂಳಿಗೇ ಮೊದಲು ಬೆಂಕಿ ಹತ್ತುವುದು ಎಂಬುದು ಅವರ ಲೆಕ್ಕ. ಆಮೇಲೆ ಬಟ್ಟೆಯ ಸುರುಳಿಗಳ ಸರದಿ. ಎಳೆಯಲು ಆಗುವಂಥವನ್ನು ಮೂವತ್ತೈದು ಅಡಿ ದೂರಕ್ಕೆ ಎಳೆಯುತ್ತಾರೆ, ಆಗದಂಥವಕ್ಕೆ ಒದ್ದೆ ಗೋಣಿಚೀಲ ಹೊದಿಸುತ್ತಾರೆ. ನೆಲದ ಬಿರುಕಿಗೆ ಒದ್ದೆ ಬಟ್ಟೆ ತುರುಕುತ್ತಾರೆ. ಕಂಬಿಯ ಹಿಂದಿನ ಮರದ ಹಲಗೆಗೆ ತಗಡು ಆನಿಸುತ್ತಾರೆ. ಬೆಸುಗೆ ಹಾಕುವವನ ಕಾಲಡಿ ಮಾತ್ರ ಒಣ ಹಲಗೆ. ಕರೆಂಟಿಗೂ ನೀರಿಗೂ ಸ್ನೇಹವಾದರೆ ಅವನ ಜೀವಕ್ಕೇ ಸಂಚಕಾರ.

"ಅಕ್ಕಾ, ನಾನು ಬೆಸುಗೆ ಹಾಕೋಕೆ ಬಂದಿದೀನೋ ಈಜೋಕೆ ಬಂದಿದೀನೋ?" ಎಂದು ವೆಲ್ಡರ್ ರೇಗಿಸುತ್ತಾನೆ.

"ಈಜು ಬರಲ್ಲ ಅಂದ್ರೆ ಹಲಗೆ ಬಿಟ್ಟು ಇಳೀಬೇಡ" ಎನ್ನುತ್ತಾರೆ ಅಕ್ಕ. ಮುಖದಲ್ಲಿ ನಗುವಿನ ಸುಳಿವಿಲ್ಲ.

ಕೊನೆಗೆ ಗೋಡೆಯ ಆಚೆ ಬದಿಯ ಕೋಣೆಗೂ ಹೋಗಿ ಬರುತ್ತಾರೆ. "ಈ ಕಡೆ ಕಾಯಿಸಿದ್ರೆ ಗೋಡೆಯೊಳಗಿನ ಕಬ್ಬಿಣ ಬಿಸೀನ ಆ ಕಡೆಗೆ ಹೊತ್ಕೊಂಡು ಹೋಗತ್ತೆ. ನಾವು ನೋಡದೆ ಇರೋ ಕಡೆನೇ ಅದಕ್ಕೆ ಇಷ್ಟ" ಎಂದು ಪತ್ರಿಕೆಗೆ ಬರೆಯಲು ಬಂದ ನಮಗೆ ವಿವರಿಸುತ್ತಾರೆ. ಗೋಡೆ ಮುಟ್ಟಿ ನೋಡುವುದು ಅಂಗೈಯಿಂದಲ್ಲ, ಅದರ ಹಿಂಬದಿಯಿಂದ. ಅವರ ಅಂಗೈ ದಡ್ಡುಗಟ್ಟಿ ಎಷ್ಟೋ ವರ್ಷವಾಗಿದೆ, ಅದಕ್ಕೆ ಸಣ್ಣ ಬಿಸಿ ತಿಳಿಯುವುದಿಲ್ಲ.

ಗೋಣಿಯಕ್ಕನ ಬಳಿ ಇರುವುದು ಹದಿನಾಲ್ಕು ಗೋಣಿ, ನಾಲ್ಕು ತಗಡು, ಎರಡು ಬಕೆಟ್ಟು. ಇಪ್ಪತ್ತು ನಿಮಿಷಕ್ಕೊಮ್ಮೆ ಗೋಣಿಗಳನ್ನು ಮತ್ತೆ ಅದ್ದಬೇಕು. ದಿನಕ್ಕೆ ಎರಡು ಮೂರು ಕಡೆ ಕೆಲಸ, ಅರವತ್ತು ಬಕೆಟ್ಟು ನೀರು, ಬಹಳ ಸಲ ಮೆಟ್ಟಿಲು ಹತ್ತಿಯೇ ತರಬೇಕು. ಸೊಂಟ ಸೋತಿದೆ. ಬೆರಳ ಸಂದುಗಳು ನೀರಿಗೆ ಬಿರಿದಿವೆ. ಮುಂಗೈ ತುಂಬ ಕಿಡಿ ಬಿದ್ದ ಕಪ್ಪು ಚುಕ್ಕೆಗಳು. ಬೆಸುಗೆ ಮುಗಿದರೆ ಜನ ಕಂಬಿ ನೋಡಿ ತಲೆದೂಗುತ್ತಾರೆ. ಸುಡದೆ ಉಳಿದ ಬಟ್ಟೆಯನ್ನು ನೋಡಿ ತಲೆದೂಗಿದವರನ್ನು ಅಕ್ಕ ಇದುವರೆಗೆ ಕಂಡಿಲ್ಲ.

ಏಳು ಗಂಟೆಗೆ ಕೊನೆಯ ಕಿಡಿ ಆರುತ್ತದೆ. ವೆಲ್ಡರ್ ಸಾಮಾನು ಕಟ್ಟಿ ಹೊರಡುತ್ತಾನೆ. ಅಕ್ಕ ಬಕೆಟ್ಟು ಬೋರಲು ಹಾಕಿ, ಗಡಿಯಾರ ನೋಡಿ, ಅದರ ಮೇಲೆ ಕೂರುತ್ತಾರೆ. ಇನ್ನು ಒಂದು ಗಂಟೆ ಅವರು ಕದಲುವುದಿಲ್ಲ. ಆಗಾಗ ಎದ್ದು ಮೂಸುತ್ತಾರೆ, ಗೋಡೆ ಮುಟ್ಟುತ್ತಾರೆ, ಒಂದೊಂದೇ ಗೋಣಿಯ ಮಡಿಕೆ ಬಿಚ್ಚಿ ನೋಡುತ್ತಾರೆ. ಕೆಲಸ ಮುಗಿದ ಮೇಲೂ ಸುಮ್ಮನೆ ಕೂತಿರುತ್ತಾಳೆ ಎಂದು ಮೂಗು ಮುರಿಯುವ ಮೇಸ್ತ್ರಿಗಳಿದ್ದಾರೆ. ಅವರಿಗೆ ಅಕ್ಕ ಉತ್ತರ ಕೊಡುವುದಿಲ್ಲ. ಉತ್ತರ ಕೊಟ್ಟರೆ ಆರು ವರ್ಷದ ಹಿಂದಿನ ಮಾತು ಬರುತ್ತದೆ.

ಆಗ ಅವರ ಜೊತೆ ಬೆಸುಗೆ ಹಾಕುತ್ತಿದ್ದವನು ಅವರ ತಮ್ಮ. ಕೈ ಅಂದರೆ ಕೈ, ಅವನು ಬೆಸೆದ ಜಾಗವನ್ನು ಬೆರಳಾಡಿಸಿ ಹುಡುಕಬೇಕಿತ್ತು. ಅವತ್ತು ಒಂದು ಹಾಸಿಗೆ ಗೋದಾಮಿನಲ್ಲಿ ಕಿಟಕಿಯ ಸರಳು ಕೂರಿಸುವ ಕೆಲಸ. ಗೋಣಿಯ ನೀರು ಹೊಸ ಹಾಸಿಗೆಗೆ ತೊಟ್ಟಿಕ್ಕುತ್ತಿದೆ ಎಂದು ಗೋದಾಮಿನ ಯಜಮಾನ ಗದರಿದ. ಅಕ್ಕ ಗೋಣಿಗಳನ್ನು ಹಿಂಡಿ ಹೊದಿಸಿದರು. ಸುಡುಬಿಸಿಲು, ಮೇಲೆ ತಗಡಿನ ಸೂರು. ಹಿಂಡಿದ ಗೋಣಿಯಲ್ಲಿ ಎಷ್ಟು ಹೊತ್ತು ನೀರು ನಿಂತೀತು?

ಕೆಲಸ ಮುಗಿಸಿ ತಮ್ಮ ಟೀಗೆಂದು ರಸ್ತೆಗೆ ಹೋದ. ಅಕ್ಕ ಬಕೆಟ್ಟು ತೊಳೆಯಲು ಹಿತ್ತಲ ನಲ್ಲಿಗೆ ಹೋದರು. ಒಣಗಿದ ಗೋಣಿಯ ಮಡಿಕೆಯೊಳಗೆ ಒಂದು ಕಿಡಿ ಉಳಿದಿತ್ತು. ಹಾಸಿಗೆ ಕಾಯಲು ಹೊದಿಸಿದ ಗೋಣಿಯೇ ಹತ್ತಿಕೊಂಡು ಹಾಸಿಗೆಗೆ ಬೆಂಕಿ ಕೊಟ್ಟಿತು. ಹೊಗೆ ಕಂಡು ಓಡಿ ಬಂದ ತಮ್ಮನಿಗೆ ಅಕ್ಕ ಕಾಣಲಿಲ್ಲ. ಒಳಗೇ ಇದ್ದಾಳೆಂದುಕೊಂಡು ನುಗ್ಗಿದ. ಅಕ್ಕ ಹಿತ್ತಲಿನಿಂದ ಬರುವ ಹೊತ್ತಿಗೆ ಜನ ಅವನನ್ನು ಎಳೆದು ಹೊರಗೆ ಮಲಗಿಸಿದ್ದರು. "ಅಕ್ಕ ಒಳಗಿದಾಳೆ" ಎಂದು ಅವನು ಆಗಲೂ ಹೇಳುತ್ತಿದ್ದ.

ತಮ್ಮನ ಎರಡೂ ಕೈಯ ಬೆರಳುಗಳು ಅಂಟಿಕೊಂಡಿವೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ವಿಚಾರಣೆಯ ಕಾಗದದಲ್ಲಿ 'ವೆಲ್ಡರ್‌ನ ಅಜಾಗರೂಕತೆ' ಎಂದು ಬರೆದರು. ಹೆಬ್ಬೆಟ್ಟು ಒತ್ತಲು ಅವನಿಗೆ ಬೆರಳೇ ನೆಟ್ಟಗಿರಲಿಲ್ಲ, ಮಣಿಕಟ್ಟಿನ ಗುರುತು ತೆಗೆದುಕೊಂಡರು. ಪಕ್ಕದಲ್ಲೇ ನಿಂತಿದ್ದ ಅಕ್ಕ ತುಟಿ ಪಿಟಕ್ ಎನ್ನಲಿಲ್ಲ. ಕೈ ಹೋದರೂ ಬಾಯಿದೆ, ಕಲಿಸುತ್ತೇನೆ ಎಂದು ಅವನು ತರಬೇತಿ ಶಾಲೆಯ ಬಾಗಿಲು ಎರಡು ಸಲ ತಟ್ಟಿದ. ಎರಡು ಸಲವೂ ಆ ಕಾಗದ ನೋಡಿ ವಾಪಸು ಕಳಿಸಿದರು.

"ಈಗಲೂ ನನ್ನ ಹತ್ರ ಕ್ಷಮೆ ಕೇಳ್ತಾನೆ" ಎನ್ನುತ್ತಾರೆ ಅಕ್ಕ. "ನನ್ನ ಕಿಡಿಯಿಂದ ನಿನಗೆ ಈ ಗತಿ ಬಂತು ಅಂತಾನೆ."

ಎಂಟು ಗಂಟೆ. ಅಕ್ಕ ಕೊನೆಯ ಗೋಣಿ ಬಿಚ್ಚಿ ನೋಡಿ, ಎಲ್ಲವನ್ನೂ ಮಡಿಸಿ ಕಟ್ಟುತ್ತಾರೆ. ನಿಮ್ಮ ಆಸೆ ಏನು ಎಂದು ಕೇಳಿದರೆ ಬಕೆಟ್ಟಿನ ಹಿಡಿಯನ್ನೇ ತಿಕ್ಕುತ್ತ ನಿಲ್ಲುತ್ತಾರೆ.

"ಭಾನುವಾರ ಅವನಿಗೆ ಪೇಪರ್ ಓದಿ ಹೇಳ್ತೀನಿ. ಪುಟ ಮಗುಚೋಕೆ ಆಗಲ್ಲ ಅವನಿಗೆ. ಮೊದಲನೇ ಪುಟದಿಂದ ಹಿಡಿದು ಕಳೆದುಹೋದವರ ಜಾಹೀರಾತಿನವರೆಗೆ ಬಿಡದೆ ಕೇಳ್ತಾನೆ. ಅವತ್ತಿನ ನಿಜಾನ ಬಾಯಿಬಿಟ್ಟು ಹೇಳೋಕೆ ಆರು ವರ್ಷದಿಂದ ನನ್ನ ಕೈಲಿ ಆಗಿಲ್ಲ. ಪೇಪರಲ್ಲಿ ಅಚ್ಚಾಗಿ ಬಂದ್ರೆ ಓದಿಬಿಡ್ತೀನಿ. ಯಜಮಾನ ಗದರಿದ್ದು ನಿಜ, ಆದರೆ ಅದೊಂದನ್ನೇ ಬರೀಬೇಡಿ. ಗೋಣಿಯ ಅಂಚು ಒಣಗಿ ಬೆಳ್ಳಗಾಗಿತ್ತು. ನಾನು ನೋಡ್ದೆ. ಇನ್ನೊಂದೇ ಬೆಸುಗೆ ತಾನೆ, ಆಗ್ಲಿ ಬಿಡು ಅಂದ್ಕೊಂಡೆ. ಅದನ್ನ ಬರೀರಿ. ನನ್ನನ್ನ ಒಳ್ಳೆಯವಳು ಮಾಡೋಕೆ ಹೋಗ್ಬೇಡಿ."

ಅದನ್ನು ಕೇಳಿ ತಮ್ಮ ಏನೆಂದಾನು ಎಂದು ಕೇಳುತ್ತೇವೆ.

"ಎದ್ದು ಹೋಗಬಹುದು. ಎದ್ದು ಹೋದ್ರೂ ಕೊನೇ ಸಾಲಿನವರೆಗೆ ಓದ್ತೀನಿ. ಪಕ್ಕದ ಕೋಣೆಗೆ ಕೇಳಿಸತ್ತೆ."

ಆದ್ದರಿಂದ ಅವರು ಓದಬೇಕಾದ ಆ ಕೊನೆಯ ಸಾಲು, ಅವರು ಹೇಳಿದಂತೆಯೇ: ಗೋಣಿ ಒಣಗಿದ್ದು ಅಕ್ಕನಿಗೆ ಕಾಣಿಸಿತ್ತು, ತಪ್ಪು ತಮ್ಮನದಲ್ಲ.